ಮಂಗಳೂರಿಗೆ ಬಂದ ಯಹೂದಿ ಮನೆತನ



ಬೆಳೆಯುವ ಊರು ಬಂದವರಿಂದಲೇ ಬೆಳೆಯುತ್ತದೆ. ಹೈದರಾಲಿಯಿಂದ ದಾವಣಗೆರೆಯನ್ನು ಜಹಗೀರಾಗಿ ಪಡೆದ ಮರಾಠ ಸರದಾರ ಅಪ್ಪೋಜಿರಾಯನು ವರ್ತಕರಿಗೆ ಆಶ್ರಯವಿತ್ತು ನೆಲೆಗೊಳಿಸಿದ್ದರಿಂದಲೇ ಅದು ಪೇಟೆಯಾಯಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಹರಿಹರೇಶ್ವರನ ಕ್ಷೇತ್ರವು ಕೈಗಾರಿಕೆಯ ಊರೂ ಆಯಿತು. ಇವು ಹತ್ತಿರದ ಸಂಗತಿಗಳು. ಸುಮಾರು ಒಂಬತ್ತುನೂರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನಮ್ಮ ನಾಡಿನಲ್ಲಿ ಮನೆ ಕಟ್ಟಿದ ಒಂದು ಯಹೂದಿ ಮನೆತನದ ವೃತ್ತಾಂತವನ್ನು ತಮ್ಮ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಆತನ ಹೆಸರು ಅಬ್ರಹಾಂ ಬೆನ್ ಯಿಜು. ಆಫ್ರಿಕಾ ಖಂಡದ ಉತ್ತರ ಕರಾವಳಿಯಲ್ಲಿ, ಇಂದಿನ ಟ್ಯುನೀಸಿಯಾ ದೇಶದಲ್ಲಿರುವ ಮಹ್ದಿಯಾ ಎಂಬುದು ಅವನ ಊರು. ಏಡನ್ ಬಂದರಿನ ವರ್ತಕ ಪ್ರಮುಖನಾದ ಮದ್ಮೂನನ ಆಶ್ರಯದಲ್ಲಿ ವ್ಯಾಪಾರವನ್ನು ಕಲಿತು, ಅಲ್ಲಿಂದ ಮಂಗಳೂರಿಗೆ ಬಂದನು. 1132ರ ಹೊತ್ತಿಗೆ ಅವನು ಮಂಗಳೂರಿನಲ್ಲಿದ್ದನೆಂಬುದಕ್ಕೆ ಪತ್ರದ ಆಧಾರವಿದೆ. 1149ರವರೆಗೆ, ಅಂದರೆ ಸುಮಾರು ಹದಿನೇಳು ವರ್ಷ, ಅವನ ಬಾಳು ನಡೆದುದು ಈ ಕರಾವಳಿಯಲ್ಲಿಯೇ. ಕಲ್ಯಾಣದಲ್ಲಿ ಶರಣರ ಆಂದೋಲನವು ರೂಪುಗೊಂಡುದೂ ಇದೇ ಶತಮಾನದಲ್ಲಿ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಬೆನ್ ಯಿಜು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ ಮತ್ತು ಬರೆಯುವ ಕಾಗದ ಬರುತ್ತಿದ್ದವು. ಆದರೆ ಅವನು ಬರಿಯ ವರ್ತಕನಲ್ಲ. ಕಂಚು ಹಿತ್ತಾಳೆಗಳ ಒಂದು ಕಮ್ಮಟವನ್ನೂ ನಡೆಸುತ್ತಿದ್ದನು. ಏಡನ್ನಿನ ಮನೆಗಳ ಒಡಕು ಪಾತ್ರೆಗಳು ಹಡಗೇರಿ ಮಂಗಳೂರಿಗೆ ಬಂದು, ಇಲ್ಲಿ ಕರಗಿ ಹೊಸ ರೂಪ ತಳೆದು ಮತ್ತೆ ಅಲ್ಲಿಗೆ ಹೋಗುತ್ತಿದ್ದವು. ಈ ಕೆಲಸಕ್ಕಾಗಿ ಅಷ್ಟು ದೂರದಿಂದ ಸರಕು ಬರುತ್ತಿದ್ದಿತೆಂದರೆ ನಮ್ಮ ಕುಶಲಕರ್ಮಿಗಳ ಕಾಯಕಕ್ಕೆ ಎಂತಹ ಮನ್ನಣೆಯಿದ್ದಿರಬೇಕು!

ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಸೇವಕನೊಬ್ಬನಿದ್ದನು. ಪತ್ರಗಳಲ್ಲಿ ಅವನ ಹೆಸರಿನ ವ್ಯಂಜನಗಳು ಮಾತ್ರ ಇವೆ. ಅದು ‘ಬೊಮ್ಮ’ ಎಂದಿರಬೇಕೆಂದು ಪ್ರೊ. ಬಿ. ಎ. ವಿವೇಕ ರೈ ಅವರು ಸೂಚಿಸಿದ್ದನ್ನು ಅಮಿತಾವ್ ಘೋಷರು 1992ರ ತಮ್ಮ ಗ್ರಂಥದಲ್ಲಿ ಸ್ಮರಿಸಿದ್ದಾರೆ. ಹೆಸರಿಗೆ ದಾಸನಾದರೂ ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೂ ಗೌರವದ ವಂದನೆಗಳನ್ನು ತಿಳಿಸುತ್ತಿದ್ದರು.

ಇನ್ನು ಮನೆಯೊಡತಿಯ ಮಾತು. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವನ ಮಕ್ಕಳಿಗೆ ಆಕೆಯೇ ತಾಯಿಯೆಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ಆ ಒಂದು ಪತ್ರವನ್ನು ಬಿಟ್ಟರೆ ಆಕೆಯ ಹೆಸರು ಮತ್ತೆಲ್ಲಿಯೂ ಕಾಣುವುದಿಲ್ಲ. ಲೆಕ್ಕದಲ್ಲಿ ಅಡಿಕೆಗೆ ದೊರೆತ ಸ್ಥಾನ ಹೆತ್ತ ತಾಯಿಗೆ ದೊರೆಯಲಿಲ್ಲ. ಇದು ಒಬ್ಬನ ದೋಷವಲ್ಲ. ನಮ್ಮ ವಂಶಾವಳಿಗಳನ್ನು ತೆರೆದು ನೋಡಿದರೂ ಅಜ್ಜಂದಿರ ಹೆಸರು ಸಾಲುಗಟ್ಟಿರುತ್ತವೆ, ಅಜ್ಜಿಯರ ಹೆಸರು ಅಪರೂಪ.

1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಸೇನೆ ಮಹ್ದಿಯಾವನ್ನು ಗೆದ್ದುಕೊಂಡಿತು. ಒಡಹುಟ್ಟಿದವರು ದಿಕ್ಕೆಟ್ಟರು. ಸುದ್ದಿ ತಿಳಿದ ಬೆನ್ ಯಿಜು ಇಬ್ಬರು ಮಕ್ಕಳೊಡನೆ 1149ರಲ್ಲಿ ಏಡನ್ನಿಗೆ ಮರಳಿ, ತನ್ನವರನ್ನು ತನ್ನೆಡೆಗೆ ಕರೆದು ಪತ್ರ ಬರೆದನು. ಒಬ್ಬ ತಮ್ಮನು ನಂಬಿಕೆದ್ರೋಹ ಮಾಡಿ ಹಣವನ್ನು ಅಪಹರಿಸಿದನು. ಮಗನು ತೀರಿಕೊಂಡನು. ಉಳಿದವಳು ಮಗಳು ಸಿತ್ ಅಲ್-ದಾರ್ ಒಬ್ಬಳೇ. ಏಡನ್ನಿನ ಸಿರಿವಂತ ಗೆಳೆಯನು ತನ್ನ ಮಗನಿಗೆ ಆಕೆಯನ್ನು ಕೇಳಿದನು. ತಂದೆ ಒಪ್ಪದೆ, ಬಡತನಕ್ಕೆ ಬಿದ್ದಿದ್ದ ಇನ್ನೊಬ್ಬ ಸೋದರನ ಮಗನಿಗೆ ಕೊಡಲು ನಿಶ್ಚಯಿಸಿದನು. 1156ರಲ್ಲಿ ಈಜಿಪ್ಟಿನಲ್ಲಿ ಆ ವಿವಾಹ ನೆರವೇರಿತು.

ಇಷ್ಟೆಲ್ಲವೂ ನಮಗೆ ತಿಳಿದುದು ಹೇಗೆ? ದೇವರ ನಾಮವಿರುವ ಕಾಗದವನ್ನು ನಾಶಮಾಡಬಾರದೆಂಬುದು ಯಹೂದಿಗಳ ಸಂಪ್ರದಾಯ. ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾಲಯದ ಕೋಣೆಯೊಂದರಲ್ಲಿ ಇಂಥ ಕಾಗದಗಳು ಶತಮಾನಗಳ ಕಾಲ ರಾಶಿಬಿದ್ದಿದ್ದವು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ಪಂಡಿತರು ಅವುಗಳ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಮುಂದೆ ಎಸ್. ಡಿ. ಗೊಯಿಟೈನ್ ಅವರು ಭಾರತ ವ್ಯಾಪಾರದ ಪತ್ರಗಳನ್ನು ಹೆಕ್ಕಿ ಓದಿದರು. ಕಾಗದ ದುರ್ಲಭವಾದುದರಿಂದ ಬೆನ್ ಯಿಜು ಬಂದ ಪತ್ರಗಳ ಬೆನ್ನಿನ ಮೇಲೆಯೇ ತನ್ನ ಲೆಕ್ಕಗಳನ್ನು ಬರೆದುಕೊಂಡಿದ್ದನು. ಅಂಥ ಚೀಟಿಗಳೇ ಇಂದು ಚರಿತ್ರೆಯಾಗಿವೆ.

ಸದ್ಭಕ್ತರೇ, ದಾವಣಗೆರೆ, ಹರಿಹರಗಳ ಹಳೆಯ ಮನೆಗಳ ಅಟ್ಟದ ಮೇಲೆ ಕಡತಗಳು, ಜಮಾಖರ್ಚಿನ ವಹಿಗಳು, ಲಗ್ನಪತ್ರಿಕೆಗಳು ಇನ್ನೂ ಇರಬಹುದು. ಮನೆ ಕೆಡವಿ ಕಟ್ಟುವಾಗ ಅವು ರದ್ದಿಯವನ ತಕ್ಕಡಿಗೆ ಹೋಗದಿರಲಿ. ಹಿರಿಯರು ಯಾವ ಊರಿನಿಂದ ಬಂದರು, ಯಾರು ಅವರಿಗೆ ಮೊದಲ ರಾತ್ರಿ ಅನ್ನವಿಕ್ಕಿದರು, ಮನೆಯ ತಾಯಂದಿರ ಹೆಸರುಗಳೇನು, ಇವನ್ನು ಬಲ್ಲ ವೃದ್ಧರು ಇರುವಾಗಲೇ ಬರೆದಿಡಿರಿ. ಪರದೇಶದ ವರ್ತಕನೊಬ್ಬನ ಮನೆಯ ಕಥೆ ನಮಗೆ ತಿಳಿದಿದೆ. ನಮ್ಮ ಮನೆಯ ಕಥೆ ನಮ್ಮ ಮೊಮ್ಮಕ್ಕಳಿಗೆ ತಿಳಿಯದಂತಾಗಬಾರದು.