ಗಡಿಗೆರೆ ಬೆಳೆಸಿದ ಊರು: ಪೋಲೆಂಡಿನ ಲೋಡ್ಜ್

ದೇಶದೇಶಗಳ ನಡುವೆ ಗಡಿ ಎಳೆಯುವವರು ಅರಮನೆಗಳಲ್ಲಿರುತ್ತಾರೆ. ಅದರ ಫಲ ಉಣ್ಣುವವರು ದೂರದ ಊರುಗಳಲ್ಲಿರುತ್ತಾರೆ. ಪೋಲೆಂಡಿನ ಲೋಡ್ಜ್ ನಗರದ ಚರಿತ್ರೆ ಇದಕ್ಕೆ ನಿದರ್ಶನ. ಪೋಲಿಷರು ಇದನ್ನು ‘ವುಚ್’ ಎನ್ನುತ್ತಾರೆ; ಅರ್ಥ ‘ದೋಣಿ’.

1772ರಿಂದ 1795ರೊಳಗೆ ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯಗಳು ಮೂರು ಹಂತಗಳಲ್ಲಿ ಪೋಲೆಂಡನ್ನು ಹಂಚಿಕೊಂಡು ಭೂಪಟದಿಂದಲೇ ಅಳಿಸಿಹಾಕಿದವು. 1793ರಲ್ಲಿ ಲೋಡ್ಜ್ ಪ್ರಷ್ಯದ ಪಾಲಾಯಿತು. ನೆಪೋಲಿಯನ್ನನ ಏಳುಬೀಳುಗಳ ನಂತರ, 1815ರ ವಿಯೆನ್ನಾ ಸಮ್ಮೇಳನವು ರಷ್ಯದ ಚಕ್ರವರ್ತಿಯೇ ದೊರೆಯಾದ ‘ಪೋಲೆಂಡ್ ರಾಜ್ಯ’ವೊಂದನ್ನು ರಚಿಸಿತು, ಲೋಡ್ಜ್ ಅದರೊಳಗೆ ಸೇರಿತು. ಆಗ ಅಲ್ಲಿ ಸಾವಿರ ಜನರೂ ಇರಲಿಲ್ಲ.

1820ರಲ್ಲಿ ಆ ರಾಜ್ಯದ ಸರ್ಕಾರವು ಲೋಡ್ಜನ್ನು ಕೈಗಾರಿಕಾ ಊರೆಂದು ಗುರುತಿಸಿ, ಬಂದು ನೆಲೆಸುವ ನೇಕಾರರಿಗೆ ಜಮೀನು ಮತ್ತು ತೆರಿಗೆ ವಿನಾಯಿತಿ ನೀಡಿತು. ಪ್ರಷ್ಯ, ಸ್ಯಾಕ್ಸನಿ, ಬೊಹೀಮಿಯಗಳಿಂದ ನೇಕಾರರು ಬಂದರು. 1830-31ರ ಪೋಲಿಷ್ ದಂಗೆಯನ್ನು ಅಡಗಿಸಿದ ರಷ್ಯ, ಪೋಲೆಂಡಿನಿಂದ ಬರುವ ಸರಕಿಗೆ ಭಾರಿ ಸುಂಕ ಹೇರಿತು. ರಷ್ಯಕ್ಕೆ ಉಣ್ಣೆಬಟ್ಟೆ ಮಾರುತ್ತಿದ್ದ ಊರುಗಳು ಸೊರಗಿದವು; ಲೋಡ್ಜ್ ಹತ್ತಿಬಟ್ಟೆಯನ್ನು ನಂಬಿ ಉಳಿದುಕೊಂಡಿತು.

1851ರಲ್ಲಿ ಆ ಸುಂಕದ ಗಡಿ ರದ್ದಾಯಿತು. ಇಡೀ ರಷ್ಯ ಸಾಮ್ರಾಜ್ಯವೇ ಲೋಡ್ಜಿನ ಸಂತೆಯಾಯಿತು. ಜರ್ಮನ್ ಮೂಲದ ಕಾರ್ಲ್ ಶೈಬ್ಲರ್, ಯಹೂದಿ ಉದ್ಯಮಿ ಇಜ್ರಾಯೆಲ್ ಪೊಜ್ನಾನ್‌ಸ್ಕಿ ಬೃಹತ್ ಗಿರಣಿಗಳನ್ನು ಕಟ್ಟಿದರು. ಸುತ್ತಲ ಹಳ್ಳಿಗಳ ಪೋಲಿಷ್ ರೈತರು ಕೂಲಿಗೆ ಬಂದರು. 1897ರ ಜನಗಣತಿಯ ವೇಳೆಗೆ ಜನಸಂಖ್ಯೆ 3 ಲಕ್ಷ ದಾಟಿತ್ತು.

ಈ ಸಿರಿ ಎಲ್ಲರ ಮನೆಗೂ ಬರಲಿಲ್ಲ. 1892ರಲ್ಲಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. 1905ರ ಜೂನ್‌ನಲ್ಲಿ ಬೀದಿಗಳಿಗೆ ಅಡ್ಡಗಟ್ಟೆ ಹಾಕಿ ಜಾರ್ ಸೈನ್ಯವನ್ನು ಎದುರಿಸಿದರು. ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ಮೊದಲ ಮಹಾಯುದ್ಧದಲ್ಲಿ ನಗರವನ್ನು ಹಿಡಿದ ಜರ್ಮನರು ಗಿರಣಿಗಳ ಕಚ್ಚಾಸರಕನ್ನೂ ಯಂತ್ರಗಳನ್ನೂ ಹೊತ್ತೊಯ್ದರು. 1918ರಲ್ಲಿ ಪೋಲೆಂಡ್ ಸ್ವತಂತ್ರವಾಯಿತು. ಆದರೆ ಹೊಸ ಗಡಿಯಾಚೆ ಉಳಿದ ರಷ್ಯದ ಮಾರುಕಟ್ಟೆ ಕೈತಪ್ಪಿತು. ಜನರು ಬಯಸಿದ್ದ ದೇಶ ದೊರೆಯಿತು. ಅವರ ಬಟ್ಟೆ ಕೊಳ್ಳುತ್ತಿದ್ದ ಗಿರಾಕಿ ದೂರವಾದ.

ಲೋಡ್ಜನ್ನು ಬೆಳೆಸಿದ್ದು ಗಡಿ, ಬಡವಾಗಿಸಿದ್ದೂ ಗಡಿ. ಎರಡು ಸಲವೂ ಮಗ್ಗದ ಮುಂದೆ ನಿಂತವರನ್ನು ಯಾರೂ ಕೇಳಲಿಲ್ಲ. ಒಪ್ಪಂದಗಳ ಇಸವಿಗಳನ್ನು ಬಾಯಿಪಾಠ ಮಾಡುವ ನಮ್ಮ ಮಕ್ಕಳು, ಆ ಇಸವಿಗಳ ಹಿಂದೆ ದುಡಿದವರನ್ನೂ ನೆನೆದರೆ ಚರಿತ್ರೆಯ ಪಾಠ ಸಾರ್ಥಕ.