ಗಾಳಿಗೆ ಬಿಟ್ಟ ಜಾಗ: ಹಳೆ ಬೆಂಗಳೂರಿನ ಆಸ್ಪತ್ರೆ ಕಟ್ಟಡಗಳ ಚರಿತ್ರೆಗೊಂದು ಟಿಪ್ಪಣಿ

ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಗ್ಗುಲಿನಿಂದ ಚಾಮರಾಜಪೇಟೆಯ ಅಂಚಿನವರೆಗೆ ಮೂರು ಸರ್ಕಾರಿ ಆಸ್ಪತ್ರೆಗಳು ನೆರೆಹೊರೆಯಲ್ಲೇ ಇವೆ: 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ, 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆ ಮತ್ತು 1935ರ ವಾಣಿ ವಿಲಾಸ. ಇವುಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಲ್ಲುಕಟ್ಟಡ, ಕಮಾನು, ಗುಮ್ಮಟಗಳ ಅಂದವನ್ನು ವರ್ಣಿಸಿ, ರಾಜಮನೆತನದ ಔದಾರ್ಯವನ್ನು ನೆನೆದು ಮುಗಿಸುತ್ತಾರೆ. ವಾಸ್ತುಶಿಲ್ಪದ ಕಣ್ಣಿಗೆ ಅದಕ್ಕಿಂತ ಮುಖ್ಯವಾಗಿ ಕಾಣಬೇಕಾದದ್ದು ಗೋಡೆಗಳ ನಡುವೆ ಬಿಟ್ಟ ಬಯಲು. ಆ ಬಯಲು, ವರಾಂಡ ಮತ್ತು ಚಾವಣಿಯ ಎತ್ತರ ಇವೆಲ್ಲ ಚಿಕಿತ್ಸೆಯ ಸಾಧನಗಳೇ ಆಗಿದ್ದವು. ಅವನ್ನು ಖಾಲಿ ನಿವೇಶನವೆಂದು ಎಣಿಸಿದ್ದು ಮುಂದಿನ ಆಡಳಿತದ ದೊಡ್ಡ ತಪ್ಪು ಎಂಬುದು ಈ ಲೇಖನದ ವಾದ.

ಪ್ಲೇಗ್ ಬಂದದ್ದರಿಂದ ವಿಕ್ಟೋರಿಯಾ ಆಸ್ಪತ್ರೆ ಹುಟ್ಟಿತೆಂಬ ಮಾತು ರೂಢಿಯಲ್ಲಿದೆ. ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೇ ವರ್ಷದ ನೆನಪಿಗೆ ಶಂಕುಸ್ಥಾಪನೆ ಮಾಡಿದ್ದು 1897ರ ಜೂನ್‌ನಲ್ಲಿ. ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳ ಯೋಜನೆಯೂ ಪ್ಲೇಗಿಗಿಂತ ಹಿಂದಿನದೇ. ಪ್ಲೇಗ್ ಅದನ್ನು ಚುರುಕುಗೊಳಿಸಿತು, ಅಷ್ಟೆ. ಅಗಲ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಮನೆಯ ಸುತ್ತ ಗಾಳಿಗೆ ಜಾಗ ಎಂಬ ಆ ಬಡಾವಣೆಗಳ ನಿಯಮಕ್ಕೂ ಅಂದಿನ ಆಸ್ಪತ್ರೆಯ ನಕ್ಷೆಗೂ ಮೂಲ ಒಂದೇ: ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂಬ ಹತ್ತೊಂಬತ್ತನೇ ಶತಮಾನದ ನಂಬಿಕೆ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಆಸ್ಪತ್ರೆಗಳ ಕುರಿತು ಬರೆದ ಪುಸ್ತಕ ಉದ್ದನೆಯ ವಾರ್ಡು, ಎರಡೂ ಬದಿ ಎದುರುಬದುರು ಕಿಟಕಿ, ವಾರ್ಡುಗಳ ನಡುವೆ ಅಂತರ ಎಂಬ ಮಾದರಿಯನ್ನು ಎತ್ತಿಹಿಡಿಯಿತು. ಅದಕ್ಕೆ ನಿದರ್ಶನವಾಗಿದ್ದ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮೇಲ್ಪಂಕ್ತಿಯಲ್ಲೇ ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆ 1868ರ ಹೊತ್ತಿಗೆ ಎದ್ದಿತ್ತು. ಅಂದರೆ ಪೇಟೆಯ ಕಡೆ ವಿಕ್ಟೋರಿಯಾ ಏಳುವ ಹೊತ್ತಿಗೆ ಈ ಮಾದರಿ ಊರಿಗೆ ಮೂರು ದಶಕ ಹಳೆಯದು.

ಹೆಸರಘಟ್ಟದ ನೀರು ಊರಿಗೆ ಬಂದದ್ದು 1896ರಲ್ಲಿ. ಅದಿಲ್ಲದೆ ದೊಡ್ಡ ಆಸ್ಪತ್ರೆಯನ್ನು ಶುಚಿಯಾಗಿ ನಡೆಸುವುದು ಕಷ್ಟವಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ. ಹಾಗಾಗಿ 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾದಲ್ಲಿ ಬೆಳಕಿಗೂ ಗಾಳಿಗೂ ಕಿಟಕಿಯೇ ಗತಿ. ವಿದ್ಯುತ್ತಿರಲಿಲ್ಲ, ವಿಧಿಯಿಲ್ಲದೆ ಹಾಗೆ ಕಟ್ಟಿದರು ಎನ್ನಬಹುದು. ಆದರೆ ಕರೆಂಟು ಬಂದು ಮೂವತ್ತು ವರ್ಷವಾದ ಮೇಲೆ ತೆರೆದ ವಾಣಿ ವಿಲಾಸವೂ ಎತ್ತರದ ಚಾವಣಿ, ವರಾಂಡಗಳನ್ನು ಬಿಡಲಿಲ್ಲ. ಕಟ್ಟಡಗಳನ್ನು ಬೇರೆಬೇರೆಯಾಗಿ ಕಟ್ಟಿದ್ದಕ್ಕೆ ಆಡಳಿತದ ಕಾರಣವೂ ಇತ್ತು. ಚಿಕ್ಕಪೇಟೆಯ ಸಣ್ಣ ಚಿಕಿತ್ಸಾಲಯವಾಗಿ 1896ರಲ್ಲಿ ಆರಂಭವಾದ ಕಣ್ಣಿನ ವಿಭಾಗಕ್ಕೆ ಸ್ವಂತ ಕಟ್ಟಡ, ಹೆರಿಗೆಗೂ ಮಕ್ಕಳಿಗೂ ಮತ್ತೊಂದು ಎಂದು ಬೇರ್ಪಡಿಸಿದ್ದರಿಂದ ಬಾಣಂತಿ ಜ್ವರದ ವಾರ್ಡನ್ನು ಹಾಯ್ದು ಹೋಗಬೇಕಾಗಲಿಲ್ಲ. ಮೇಲಾಗಿ, ನಮ್ಮಲ್ಲಿ ರೋಗಿ ಒಬ್ಬರೇ ಆಸ್ಪತ್ರೆ ಸೇರುವುದಿಲ್ಲ. ಚಾಪೆ, ಬುತ್ತಿ ಕ್ಯಾರಿಯರ್, ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದ ಮನೆಯವರು ವಾರಗಟ್ಟಲೆ ಅಲ್ಲೇ ಉಳಿಯುತ್ತಾರೆ. ಮಗುವಿನ ಬಟ್ಟೆ ಒಣಗುವುದೂ ಅಲ್ಲೇ. ಯೂರೋಪಿನ ನಕ್ಷೆ ಲೆಕ್ಕಕ್ಕೇ ತೆಗೆದುಕೊಂಡಿರದ ಈ ಜನಕ್ಕೆ ಜಾಗ ಕೊಟ್ಟದ್ದು ವರಾಂಡ.

ಆಧಾರವಾಗಿದ್ದ ಸಿದ್ಧಾಂತವೇ ಸುಳ್ಳಾದ ಮೇಲೆ ಈ ಕಟ್ಟಡಗಳಿಂದ ಕಲಿಯುವುದೇನು ಎಂಬ ಆಕ್ಷೇಪ ಸಹಜ. 1895ರಲ್ಲಿ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್ ಎರಡೇ ವರ್ಷದಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ತೋರಿಸಿದರು. ಕೆಟ್ಟ ಗಾಳಿಯ ವಾದ ಬಿದ್ದುಹೋಯಿತು. ಆದರೆ ಕಾರಣ ತಪ್ಪಿದ್ದರೂ ಪರಿಣಾಮ ಸರಿಯಿತ್ತು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1950ಕ್ಕೆ ಮುಂಚಿನ ಎತ್ತರದ ಚಾವಣಿಯ ಕೊಠಡಿಗಳಲ್ಲಿ ಕಿಟಕಿ ತೆರೆದಾಗ ಗಂಟೆಗೆ ಸುಮಾರು 40 ಬಾರಿ ಗಾಳಿ ಬದಲಾಗುತ್ತಿತ್ತು; ಹೊಸ ಕೊಠಡಿಗಳಲ್ಲಿ 17 ಬಾರಿ. ಕ್ಷಯ ಹರಡುವ ಅಪಾಯ ಹಳೆಯದರಲ್ಲೇ ಕಡಿಮೆ ಎಂಬುದು ಅದರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಹಜ ವಾಯುಸಂಚಾರಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿ, ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಬೇಕೆಂದಿತು.

ಊರು ಬೆಳೆದಿದೆ, ಹಾಸಿಗೆ ಸಾಲದು, ಬಯಲು ಬಿಟ್ಟು ಕೂರಲಾಗದು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಶಸ್ತ್ರಚಿಕಿತ್ಸಾ ಕೊಠಡಿಗೂ ತೀವ್ರ ನಿಗಾ ಘಟಕಕ್ಕೂ ಶೋಧಿಸಿದ ಗಾಳಿಯೇ ಬೇಕು. ಮಾರುಕಟ್ಟೆಯ ಹೊಗೆ, ಧೂಳು, ಸೊಳ್ಳೆಗಳ ನಡುವೆ ಎಲ್ಲ ಕಿಟಕಿ ತೆರೆದಿಡಿ ಎನ್ನುವುದೂ ಅವಿವೇಕ. ಆದರೆ ಯಂತ್ರದ ಗಾಳಿ ಬೇಕಾದ ಕೊಠಡಿಗಳು ಬಹುಮಹಡಿಗೆ ಹೋದ ಮಾತ್ರಕ್ಕೆ ಸಾಮಾನ್ಯ ವಾರ್ಡು, ಹೊರರೋಗಿಗಳ ಸಾಲು, ಮನೆಯವರು ಕಾಯುವ ಜಾಗಗಳೂ ಕಿಟಕಿಯಿಲ್ಲದ ಒಳಮನೆ ಸೇರಬೇಕಿಲ್ಲ. ಹಳೆ ವಾರ್ಡಿನ ಕಿಟಕಿಗೆ ಅಡ್ಡಲಾಗಿ ಹೊಸ ಬ್ಲಾಕ್ ಎಬ್ಬಿಸಿದರೆ ಹಾಸಿಗೆ ಹೆಚ್ಚಾಗಬಹುದು, ಆದರೆ ಹಳೆಯ ಪ್ರತಿ ಹಾಸಿಗೆಯ ಪಾಲಿನ ಗಾಳಿ ಕಡಿಮೆಯಾಗುತ್ತದೆ. ಈ ನಷ್ಟ ಅಂದಾಜುಪಟ್ಟಿಯಲ್ಲಿ ನಮೂದಾಗುವುದಿಲ್ಲ. ಇನ್ನಾದರೂ ಆಸ್ಪತ್ರೆ ಆವರಣದ ಹೊಸ ಕಟ್ಟಡಕ್ಕೆ ಮಂಜೂರಾತಿ ಕೊಡುವ ಮೊದಲು ಅಲ್ಲಿನ ಬಯಲು, ವರಾಂಡಗಳನ್ನು ಶಸ್ತ್ರಚಿಕಿತ್ಸಾ ಕೊಠಡಿಯಷ್ಟೇ ಅಗತ್ಯದ ಸೌಲಭ್ಯವೆಂದು ನಕ್ಷೆಯಲ್ಲಿ ಗುರುತಿಸಿ, ಅಳತೆ ನಮೂದಿಸಿ ಕಾಯ್ದುಕೊಳ್ಳಬೇಕು.