ಮುಗಿದ ಧಾರಾವಾಹಿ ಮತ್ತು ಕ್ರಿಯಾಪದದ ಕಾಲ

ಸಾರಾಂಶ: ಪ್ರಸಾರ ಮುಗಿದ ಕಿರುತೆರೆ ಕಾರ್ಯಕ್ರಮಗಳ ಬಗ್ಗೆ ಬರೆಯುವಾಗ ವರ್ತಮಾನಕಾಲ ಸರಿಯೋ ಭೂತಕಾಲವೋ ಎಂಬ ಪ್ರಶ್ನೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಪ್ರಸಾರ, ಕಥೆ, ಕೃತಿ ಎಂಬ ಮೂರನ್ನು ಬೇರ್ಪಡಿಸಿ ನೋಡಿದರೆ, ಮುಕ್ತಾಯವು ಪ್ರಸಾರಕ್ಕೆ ಸಂಬಂಧಿಸಿದ ವಾಕ್ಯಗಳನ್ನು ಮಾತ್ರ ಬದಲಿಸುತ್ತದೆ ಎಂಬುದು ಇಲ್ಲಿನ ವಾದ.

1. ಸಮಸ್ಯೆಯ ಸ್ವರೂಪ

‘ಬಂಗಾರದ ಮನುಷ್ಯ’ 1972ರ ಚಿತ್ರ. ಅದನ್ನು ‘ಜನಪ್ರಿಯ ಚಿತ್ರವಾಗಿತ್ತು’ ಎಂದು ಬರೆದರೆ ಜನಪ್ರಿಯತೆ ಹೋಯಿತೆಂದು ಅರ್ಥವಾಗುತ್ತದೆಯೇ ಹೊರತು ಚಿತ್ರವೇ ಇಲ್ಲವಾಯಿತೆಂದಲ್ಲ. ಆದರೆ ‘ಮಾಲ್ಗುಡಿ ಡೇಸ್’ ಕುರಿತು ಬರೆಯುವವರು ‘ಧಾರಾವಾಹಿಯಾಗಿತ್ತು’ ಎನ್ನಲು ಹಿಂಜರಿಯುವುದಿಲ್ಲ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ಅದು ದೂರದರ್ಶನದಲ್ಲಿ ಬಂತು, ಮುಗಿಯಿತು. ಇಂದೂ ಅದನ್ನು ನೋಡಬಹುದು. ಹಾಗಿದ್ದೂ ಗೊಂದಲವೇಕೆ? ಧಾರಾವಾಹಿಗೆ ಎರಡು ಅಸ್ತಿತ್ವಗಳಿವೆ: ನಿಗದಿತ ಹೊತ್ತಿಗೆ ಮನೆಗೆ ಬರುತ್ತಿದ್ದ ಕಾರ್ಯಕ್ರಮವೂ ಅದೇ, ದಾಖಲಾಗಿ ಉಳಿದ ಕೃತಿಯೂ ಅದೇ.

ಕನ್ನಡದಲ್ಲಿ ಈ ಇಕ್ಕಟ್ಟು ಅರ್ಧದಷ್ಟು ಇಲ್ಲವೇ ಇಲ್ಲ. ‘ಮಾಲ್ಗುಡಿ ಡೇಸ್ ಶಂಕರ್ ನಾಗ್ ನಿರ್ದೇಶನದ ಧಾರಾವಾಹಿ’ ಎಂಬುದು ಕ್ರಿಯಾಪದವಿಲ್ಲದೆ ಪೂರ್ಣಗೊಂಡ ವಾಕ್ಯ. ಅದಕ್ಕೆ ಕಾಲದ ಹಂಗಿಲ್ಲ. ಇದಕ್ಕೆ ‘ಆಗಿದೆ’ ಎಂದೋ ‘ಆಗಿತ್ತು’ ಎಂದೋ ಬಾಲ ಹಚ್ಚಿದಾಗಲೇ ತೊಡಕು ಹುಟ್ಟುತ್ತದೆ. ಪರಿಚಯದ ವಾಕ್ಯ ದಾಟಿದ ಮೇಲೆ ಮಾತ್ರ ಕ್ರಿಯಾಪದವನ್ನು ತಪ್ಪಿಸಿಕೊಳ್ಳಲಾಗದು.

2. ಪ್ರಸಾರ

ನಮ್ಮ ‘-ಉತ್ತದೆ’ ರೂಪ ರೂಢಿಯನ್ನೂ ಹೇಳುತ್ತದೆ, ಮುಂದಾಗುವುದನ್ನೂ ಹೇಳುತ್ತದೆ. ‘ಭಾನುವಾರ ಬೆಳಗ್ಗೆ ಪ್ರಸಾರವಾಗುತ್ತದೆ’ ಎಂದು ಓದಿದವರು ಬರುವ ಭಾನುವಾರ ಟಿ.ವಿ. ಹಾಕಿಯಾರು. ಆದ್ದರಿಂದ ಇಲ್ಲಿ ‘ಪ್ರಸಾರವಾಗುತ್ತಿತ್ತು’ ಅನಿವಾರ್ಯ. ರಾಮಾನಂದ ಸಾಗರರ ‘ರಾಮಾಯಣ’ 1987ರ ಜನವರಿಯಿಂದ 1988ರ ಜುಲೈವರೆಗೆ ಪ್ರಸಾರವಾಯಿತು. ಲಾಕ್‌ಡೌನ್ ಕಾಲದಲ್ಲಿ, 2020ರ ಮಾರ್ಚ್ 28ರಿಂದ ದೂರದರ್ಶನದಲ್ಲಿ ಮತ್ತೆ ಬಂತು. ಪ್ರಸಾರ ಒಂದಕ್ಕಿಂತ ಹೆಚ್ಚು ಬಾರಿ ಮುಗಿಯಿತು, ಕೃತಿ ಒಂದೇ. ಪ್ರಸಾರದ ಅಂತ್ಯವೇ ಕೃತಿಯ ಅಂತ್ಯವಾಗಿದ್ದರೆ ಮರುಪ್ರಸಾರ ಎಂಬ ಮಾತಿಗೆ ಅರ್ಥವಿರುತ್ತಿರಲಿಲ್ಲ.

3. ಕಥೆ

ಧಾರಾವಾಹಿ ನಡೆಯುತ್ತಿರುವಾಗ ನೋಡುಗರು, ‘ಮಾಲ್ಗುಡಿ ಡೇಸ್’ನ ಹುಡುಗ ಸ್ವಾಮಿಯ ಬಗ್ಗೆ ಹೇಳುವಂತೆ, ‘ನಿನ್ನೆ ಸ್ವಾಮಿ ಮನೆಬಿಟ್ಟು ಓಡಿಹೋದ’ ಎಂದು ಭೂತಕಾಲದಲ್ಲೇ ಮಾತಾಡುತ್ತಾರೆ. ಆಗ ಕಥೆಯ ಘಟನೆ ಕ್ಯಾಲೆಂಡರಿನ ಒಂದು ದಿನಕ್ಕೆ ಅಂಟಿಕೊಂಡಿರುತ್ತದೆ. ಪ್ರಸಾರ ಮುಗಿದ ಮೇಲೆ ಆ ‘ನಿನ್ನೆ’ ಕಳಚಿಬೀಳುತ್ತದೆ; ಯಾರು ಯಾವಾಗ ನೋಡಿದರೂ ಸ್ವಾಮಿ ಓಡಿಹೋಗುತ್ತಾನೆ. ಹೀಗಾಗಿ ಮುಕ್ತಾಯವು ಕಥೆಯನ್ನು ಭೂತಕಾಲಕ್ಕೆ ತಳ್ಳುತ್ತದೆಂಬ ಸಾಮಾನ್ಯ ಊಹೆಗಿಂತ ವಾಸ್ತವ ಬೇರೆ: ಮುಗಿದ ಮೇಲೆಯೇ ಕಥೆಗೆ ವರ್ತಮಾನ ಹೆಚ್ಚು ಒಪ್ಪುತ್ತದೆ. ‘ಒಂದೂರಲ್ಲಿ ಒಬ್ಬ ರಾಜನಿದ್ದ’ ಎನ್ನುವ ಅಜ್ಜಿ ಕಥೆ ಹೇಳುತ್ತಿದ್ದಾಳೆ. ವಿಮರ್ಶಕ ಕಥೆಯ ಬಗ್ಗೆ ಹೇಳುತ್ತಿದ್ದಾನೆ. ಇಬ್ಬರ ಕಾಲ ಬೇರೆಯಾಗುವುದು ಸಹಜ.

4. ಕೃತಿ

ಮೂರನೆಯದಕ್ಕೆ ಕನ್ನಡದಲ್ಲೇ ಒಂದು ಒರೆಗಲ್ಲಿದೆ. ‘ಪಂಪ ವಿಕ್ರಮಾರ್ಜುನ ವಿಜಯವನ್ನು ಬರೆದಿದ್ದಾನೆ’ ಎಂಬ ವಾಕ್ಯ ಸಾವಿರ ವರ್ಷಗಳ ನಂತರವೂ ಸಲೀಸು. ‘ಪಂಪ ಅರಿಕೇಸರಿಯ ಆಸ್ಥಾನದಲ್ಲಿದ್ದಾನೆ’ ಎಂಬುದು ಅಲ್ಲ. ‘-ಇದ್ದಾನೆ’ ಸೇರಿದ ಮೊದಲ ರೂಪಕ್ಕೆ ಆಧಾರ ಕವಿಯಲ್ಲ, ಕಾವ್ಯ. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ‘ಮಾಲ್ಗುಡಿ ಡೇಸ್ ನಿರ್ದೇಶಿಸಿದ್ದಾರೆ’ ಎನ್ನಲು ಸಾಧ್ಯವಾಗುವುದೂ ಇದರಿಂದಲೇ. ಮಾಡಿದವರು ಇಲ್ಲದಿದ್ದರೂ ಮಾಡಿದ್ದು ಇದೆ.

ಕೃತಿಯೇ ಅಳಿದರೆ? ಬಿಬಿಸಿ 1960–70ರ ದಶಕಗಳಲ್ಲಿ ತನ್ನ ಅನೇಕ ಟೇಪುಗಳನ್ನು ಅಳಿಸಿಹಾಕಿತು. ‘ಡಾಕ್ಟರ್ ಹೂ’ ಸರಣಿಯಲ್ಲಿ ಪ್ಯಾಟ್ರಿಕ್ ಟ್ರೌಟನ್ ನಾಯಕನಾಗಿ ಬಂದ ಮೊದಲ ಕಥೆ, 1966ರ ‘ದ ಪವರ್ ಆಫ್ ದ ಡಾಲೆಕ್ಸ್’, ಆರೂ ಕಂತುಗಳ ದೃಶ್ಯವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಅಭಿಮಾನಿಗಳು ಮನೆಯಲ್ಲಿ ಮುದ್ರಿಸಿಕೊಂಡ ಧ್ವನಿ ಉಳಿದಿದೆ. ಅಲ್ಲಿನ ಸಂಭಾಷಣೆಯನ್ನು ವರ್ತಮಾನದಲ್ಲಿ ವಿಶ್ಲೇಷಿಸಬಹುದು, ಟ್ರೌಟನ್‌ರ ಆಂಗಿಕ ಅಭಿನಯಕ್ಕೆ ‘ಅಭಿನಯಿಸಿದ್ದರು’ ಎಂಬುದೇ ಪ್ರಾಮಾಣಿಕ.

ಪ್ರಕಾರವೂ ಮುಖ್ಯ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಸ್ಪರ್ಧಿ ಪಾತ್ರವಲ್ಲ, ವ್ಯಕ್ತಿ. ಆಕೆ ಅಂದು ಹಾಡಿದಳು. ಸ್ವಾಮಿಯಂತೆ ಪ್ರತಿಸಲ ಹಾಡುವುದಿಲ್ಲ. ದಾಖಲೆ ಉಳಿದಿದ್ದರೂ ಸ್ಪರ್ಧೆ ನಡೆದುಹೋದ ಘಟನೆ. ಸುದ್ದಿ, ಸಂದರ್ಶನ, ಕ್ವಿಜ್‌ಗಳಿಗೂ ಇದೇ ಅನ್ವಯ.

5. ಫಲಿತ

ವಿಶ್ವಕೋಶ, ಪತ್ರಿಕೆ, ಪಠ್ಯಪುಸ್ತಕಗಳಿಗೆ ಇದರಿಂದ ದೊರೆಯುವ ಸೂತ್ರ ಸರಳ: ಪರಿಚಯಕ್ಕೆ ಕ್ರಿಯಾಪದ ಬೇಡ, ಪ್ರಸಾರಕ್ಕೆ ಮತ್ತು ನಿಜಜೀವನದ ಘಟನೆಗೆ ಭೂತಕಾಲ, ಕಥೆಗೆ ವರ್ತಮಾನ, ಕಲಾವಿದರ ಕೆಲಸಕ್ಕೆ ‘ನಟಿಸಿದ್ದಾರೆ’ ಮಾದರಿಯ ರೂಪ. ಒಂದೇ ಪರಿಚ್ಛೇದದಲ್ಲಿ ಈ ನಾಲ್ಕೂ ಬಂದರೆ ಅದು ಅಸಂಗತಿಯಲ್ಲ. ಧಾರಾವಾಹಿ ಮುಗಿದ ದಿನ ಸಂಪಾದಕರು ತಿದ್ದಬೇಕಾದದ್ದು ‘ಪ್ರಸಾರವಾಗುತ್ತದೆ’ ಎಂಬುದೊಂದನ್ನೇ.